ಗಾಳದ ಅತಿಥಿಗೆ ಯಾವ ಹೊಳೆ? ಕಬಿನಿ ಲಾಡ್ಜು, ಕಾವೇರಿ ಮೀನು ಮತ್ತು ನಮ್ಮ ವರ್ತಕರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಹೊರ ಊರಿನ ಖರೀದಿದಾರರನ್ನು ಸತ್ಕರಿಸುವುದು ವ್ಯವಹಾರದ ಒಂದು ಅಂಗವೇ ಆಗಿದೆ. ತಂಬಾಕು ಹರಾಜಿನ ತಿಂಗಳುಗಳಲ್ಲಂತೂ ರಫ್ತು ಸಂಸ್ಥೆಗಳ ಪ್ರತಿನಿಧಿಗಳು, ಯಂತ್ರೋಪಕರಣ ಮಾರುವವರು, ಬ್ಯಾಂಕಿನವರು ನಮ್ಮ ಕಡೆ ಬಂದು ಹೋಗುತ್ತಿರುತ್ತಾರೆ. ಬಂದವರಲ್ಲಿ ಕೆಲವರು ಕೆಲಸ ಮುಗಿದ ಮೇಲೆ ಎರಡು ದಿನ ಕಾಡಿನ ನಡುವಿನ ಲಾಡ್ಜಿನಲ್ಲಿದ್ದು, ಹೊಳೆಯಲ್ಲಿ ಗಾಳ ಹಾಕಿ ಹೋಗಬೇಕೆಂದು ಬಯಸುವುದು ಸಹಜ. "ಕಬಿನಿ ನಿಮ್ಮ ಊರಿನ ಪಕ್ಕದಲ್ಲೇ ಇದೆಯಲ್ಲ, ಏರ್ಪಾಡು ಮಾಡಿ" ಎಂದರೆ ಇಲ್ಲವೆನ್ನುವುದು ವರ್ತಕನಿಗೆ ಕಷ್ಟ. ಆದರೆ ಹೂಂ ಎನ್ನುವ ಮುನ್ನ ತಿಳಿದಿರಬೇಕಾದ ಸಂಗತಿಗಳಿವೆ. ಅವು ಒಬ್ಬ ಅತಿಥಿಯ ಪ್ರವಾಸಕ್ಕೆ ಮಾತ್ರ ಸಂಬಂಧಿಸಿದವಲ್ಲ, ನಮ್ಮ ನಾಲ್ಕು ತಾಲ್ಲೂಕುಗಳ ಮುಂದಿನ ವ್ಯಾಪಾರಕ್ಕೂ ಸಂಬಂಧಿಸಿದವು ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲನೆಯದಾಗಿ, ಕಾಡಿನೊಳಗಿನ ನೀರಿನಲ್ಲಿ ಗಾಳ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಪ್ರಾಣಿ' ಎಂಬ ಪದದ ವ್ಯಾಖ್ಯೆಯಲ್ಲಿ ಮೀನನ್ನೂ ಸೇರಿಸಿದೆ. 'ಬೇಟೆ' ಎಂಬುದರಲ್ಲಿ ಕೊಲ್ಲುವುದಷ್ಟೇ ಅಲ್ಲದೆ ಹಿಡಿಯುವುದು, ಉರುಳಿಗೆ ಬೀಳಿಸುವುದು, ಆಮಿಷ ಒಡ್ಡುವುದು ಕೂಡ ಸೇರಿವೆ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟೆವು ಎಂಬ ಸಮಜಾಯಿಷಿ ರಾಷ್ಟ್ರೀಯ ಉದ್ಯಾನದೊಳಗೆ ನಡೆಯುವುದಿಲ್ಲ. ಕಬಿನಿ ಹಿನ್ನೀರಿನ ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದು ದಡದಲ್ಲಿ ಬಂಡೀಪುರ. ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅಣೆಕಟ್ಟೆಯ ಸಮೀಪದ, ಅರಣ್ಯದ ಹೊರಗಿನ ನೀರಿನಲ್ಲಿಯೂ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ವ್ಯವಸ್ಥೆಗೆ ಒಳಪಟ್ಟದ್ದೇ ಹೊರತು ದಡದಲ್ಲಿ ಜಮೀನಿರುವವರ ಸ್ವತ್ತಲ್ಲ. ಯಾರೋ ಪರಿಚಯದವರು ತೆಪ್ಪ ಕೊಡುತ್ತಾರೆಂದು ಅತಿಥಿಯನ್ನು ಕರೆದೊಯ್ದು ಮೊಕದ್ದಮೆಗೆ ಸಿಕ್ಕಿಕೊಂಡರೆ ಗಾಳದ ಜೊತೆಗೆ ಕಾರೂ ಜಪ್ತಿಯಾದೀತು. ಅತಿಥಿಯ ಕಂಪನಿಯಲ್ಲಿ ನಮ್ಮ ಹೆಸರು ಏನಾಗುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಕಬಿನಿಗೂ ಗಾಳಕ್ಕೂ ಇರುವ ನಂಟು ಬರೀ ಕಟ್ಟುಕಥೆಯೇ ಎಂದರೆ ಅದೂ ಅಲ್ಲ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕಾರ್ಖಾನೆ ನಡೆಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಮೀನು ಇದೇ ಕಬಿನಿಯದು. ಗಾಳಕ್ಕೆ ಸಿಕ್ಕ ದೊಡ್ಡ ಮಹಸೀರ್‌ಗಳ ದಾಖಲೆಯಲ್ಲಿ ಇಂದಿಗೂ ಆ ಮೀನಿನ ಹೆಸರು ಬರುತ್ತದೆ. ಅದಕ್ಕೂ ಮೊದಲು, 1873ರಲ್ಲೇ, ಎಚ್.ಎಸ್. ಥಾಮಸ್ ಎಂಬ ಅಧಿಕಾರಿ ಭಾರತದಲ್ಲಿ ಗಾಳ ಹಾಕುವ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದಿದ್ದರು. ನಮ್ಮ ಹೊಳೆಗಳ ಕೀರ್ತಿ ಸಮುದ್ರ ದಾಟಿ ಹೋದದ್ದು ಹೀಗೆ.

ಆದರೆ ವ್ಯಾನ್ ಇಂಗೆನ್ ಗಾಳ ಹಾಕಿದ ಕಬಿನಿ ಹರಿಯುವ ಹೊಳೆ. ಇಂದು ನಾವು ಅತಿಥಿಗೆ ತೋರಿಸುವ ಕಬಿನಿ ನಿಂತ ನೀರು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. 1974ರಲ್ಲಿ ಜಲಾಶಯ ಸಿದ್ಧವಾಗಿ ಆ ಕಾಡಿನ ಭಾಗವೂ ಹಲವು ಹಳ್ಳಿಗಳೂ ಮುಳುಗಡೆಯಾದವು. ಕಲ್ಲು, ಮಡು, ಹರಿವು ಇರುವಲ್ಲಿ ಬೆಳೆಯುವ ಮಹಸೀರ್‌ಗೆ ಇದು ತಕ್ಕ ತಾಣವಲ್ಲ. ಬೇಸಿಗೆಯಲ್ಲಿ ನೀರು ತಗ್ಗಿ ಹುಲ್ಲು ಚಿಗುರಿದಾಗ ಆನೆಗಳ ಹಿಂಡು ನೆರೆಯುವ ದೃಶ್ಯವೇ ಇಂದಿನ ಕಬಿನಿಯ ಬಂಡವಾಳ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದಲ್ಲಿ ನೆಲೆಯೂರಿದ್ದು, ಅದರ ಬೆನ್ನಿಗೆ ಖಾಸಗಿ ರೆಸಾರ್ಟುಗಳು ಸಾಲುಗಟ್ಟಿದ್ದು, ಆನೆ ಮತ್ತು ಹುಲಿಯನ್ನು ನಂಬಿ; ಮೀನನ್ನು ನಂಬಿ ಅಲ್ಲ.

ಗಾಳದವರಿಗೆಂದೇ ಅದೇ ಸಂಸ್ಥೆ ಕೆಳಗಿನ ಕಾವೇರಿಯಲ್ಲಿ, ಭೀಮೇಶ್ವರಿ, ದೊಡ್ಡಮಾಕಳಿ ಹಾಗೂ ಗಾಳಿಬೋರೆಗಳಲ್ಲಿ, ಶಿಬಿರಗಳನ್ನು ನಡೆಸಿತು. ಇಂಗ್ಲೆಂಡಿನಿಂದ ಮೀನಿಗಾಗಿಯೇ ವಿಮಾನ ಹತ್ತಿ ಬರುತ್ತಿದ್ದವರಿದ್ದರು. ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ಕಟ್ಟಿದ ಉಂಡೆಯೇ ಅಲ್ಲಿನ ಮುಖ್ಯ ಎರೆ ಎಂಬುದು ನಮ್ಮ ರಾಗಿ ವ್ಯಾಪಾರಿಗಳಿಗೆ ಮೋಜೆನಿಸಬಹುದು. ಹಿಂದೆ ಕದ್ದು ಬಲೆ ಹಾಕುತ್ತಿದ್ದವರಲ್ಲಿ ಕೆಲವರು ಅಲ್ಲಿ ಸಂಬಳದ ಮಾರ್ಗದರ್ಶಿಗಳಾದರು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ನೀರಿಗೆ ಬಿಡುವುದು ಕಡ್ಡಾಯವಾಗಿತ್ತು. ಆ ಹೊಳೆಯ ಭಾಗವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದರಿಂದ, 2010ರ ನಂತರದ ವರ್ಷಗಳಲ್ಲಿ ಕಾಯಿದೆಯನ್ನು ಬಿಗಿಯಾಗಿ ಅನ್ವಯಿಸಿದಾಗ ಗಾಳದ ಕ್ರೀಡೆ ನಿಂತುಹೋಯಿತು. ಶಿಬಿರಗಳು ಉಳಿದವು, ಗಾಳ ಹೋಯಿತು.

ಈ ನಿಷೇಧ ಸರಿಯೇ ಎಂಬ ಬಗ್ಗೆ ಇಂದಿಗೂ ವಾದವಿದೆ. ಗಾಳದವರು ದಿನವಿಡೀ ಹೊಳೆಯ ದಡದಲ್ಲಿರುತ್ತಿದ್ದುದರಿಂದಲೇ ತೋಟೆ ಸಿಡಿಸಿ ಮೀನು ಕೊಲ್ಲುವವರು ದೂರವಿದ್ದರು, ಕಾವಲು ಹೋದ ಮೇಲೆ ಮೀನೂ ಹೋಯಿತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸ್ಫೋಟಕ ಹಾಗೂ ವಿಷ ಬಳಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಿಂದಲೇ ಅಪರಾಧವಾಗಿದ್ದರೂ, ಕಣ್ಣಿಟ್ಟು ನೋಡುವವರಿಲ್ಲದ ಕಡೆ ಕಾಯಿದೆ ಕಾಗದದಲ್ಲೇ ಉಳಿಯುತ್ತದೆ. ಹಾಗೆಂದು ವರ್ತಕರ ಸಂಘವೊಂದು 'ಕಾಡಿನ ನೀರನ್ನು ಗಾಳಕ್ಕೆ ತೆರೆಯಿರಿ' ಎಂದು ಮನವಿ ಸಲ್ಲಿಸುವುದು ವ್ಯರ್ಥ ಶ್ರಮ. ಕಾವೇರಿಯ ಗೂನುಬೆನ್ನಿನ ಮಹಸೀರ್, ಹೊಳೆಯ ಜನ ಬಿಳಿಮೀನೆಂದು ಕರೆಯುವ ಮೀನು, ಅಳಿವಿನ ಅಂಚಿಗೆ ಬಂದಿದೆ. ಅದರ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹೊರಗಿನ ಮರಿಗಳನ್ನು ತಂದು ಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಲೋನಾವಳದ ಮೊಟ್ಟೆಕೇಂದ್ರದಿಂದ ಬಂದ ನೀಲಿ ರೆಕ್ಕೆಯ ಬೇರೆ ಜಾತಿಯ ಮಹಸೀರ್ ಕಾವೇರಿಯಲ್ಲಿ ಹಬ್ಬಿದ್ದು ಮೂಲ ಮೀನಿಗೆ ಪೆಟ್ಟು ಕೊಟ್ಟಿತೆಂದು ತಜ್ಞರು ಹೇಳಿದ್ದಾರೆ. ಸರಕು ಮುಗಿಯುತ್ತಿರುವ ಅಂಗಡಿಯ ಬಾಗಿಲು ಇನ್ನೂ ಅಗಲ ಮಾಡಿ ಎಂದು ಕೇಳುವುದು ವ್ಯಾಪಾರದ ಲಕ್ಷಣವಲ್ಲ.

ನಮ್ಮ ದೃಷ್ಟಿ ಹರಿಯಬೇಕಾದದ್ದು ಕಾಡಿನ ಹೊರಗಿನ ಕಾವೇರಿಯ ಕಡೆಗೆ. ಕೊಡಗಿನಿಂದ ಇಳಿದ ಹೊಳೆ ಕುಶಾಲನಗರದ ಬಳಿ ಪಿರಿಯಾಪಟ್ಟಣ ತಾಲ್ಲೂಕಿನ ಅಂಚನ್ನು ಮುಟ್ಟಿ, ರಾಮನಾಥಪುರ ದಾಟಿ, ಚುಂಚನಕಟ್ಟೆಯಲ್ಲಿ ಧುಮುಕಿ, ಕೃಷ್ಣರಾಜನಗರದ ಕೆಳಗೆ ಕನ್ನಂಬಾಡಿ ಹಿನ್ನೀರನ್ನು ಸೇರುತ್ತದೆ. ಇಲ್ಲಿ ಎರಡು ದಡಗಳಲ್ಲಿಯೂ ಗದ್ದೆ, ತೋಟ, ಊರುಗಳಿವೆ. ಹಿನ್ನೀರಿನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳಿವೆ. ಗಾಳ ಹಿಡಿದು ಅಭ್ಯಾಸವಿಲ್ಲದ ಅತಿಥಿಗೆ ಹತ್ತು ಕಿಲೋ ಕಾಟ್ಲಾ ಸಿಕ್ಕಿದರೂ ಅದು ಜೀವಮಾನದ ಕಥೆಯೇ. ಪಕ್ಕದ ಕೊಡಗಿನಲ್ಲಿ ವಾಲ್ನೂರಿನ ಕಾವೇರಿ ಭಾಗವನ್ನು ಕೊಡಗು ವನ್ಯಜೀವಿ ಸಂಘ ಗುತ್ತಿಗೆಗೆ ಪಡೆದು, ಶುಲ್ಕಕ್ಕೆ ಪರವಾನಗಿ ಕೊಟ್ಟು, ಹಿಡಿದ ಮೀನನ್ನು ಬಿಡುವ ನಿಯಮದಡಿ ಹಲವು ವರ್ಷ ನಡೆಸಿದ ಮಾದರಿ ಕಣ್ಣೆದುರಿಗಿದೆ. ಸ್ಕಾಟ್ಲೆಂಡಿನ ಸ್ಪೇ, ಟ್ವೀಡ್ ನದಿಗಳಲ್ಲಿ ಹೊಳೆಯನ್ನು ತುಂಡುಗಳಾಗಿ ವಿಂಗಡಿಸಿ ದಿನದ, ವಾರದ ಲೆಕ್ಕದಲ್ಲಿ ಗಾಳದ ಹಕ್ಕನ್ನು ಬಾಡಿಗೆಗೆ ಕೊಡುತ್ತಾರೆ; ಅಲ್ಲಿನ ಸಣ್ಣ ಊರುಗಳ ಹೋಟೆಲು, ಅಂಗಡಿ, ಮಾರ್ಗದರ್ಶಿಗಳ ಬದುಕಿಗೆ ಅದೊಂದು ಆಧಾರ. ನಮ್ಮಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆಯ ಅಡಿ ಪರವಾನಗಿಯ ವ್ಯವಸ್ಥೆ ಇದ್ದೇ ಇದೆ. ಆದುದರಿಂದ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ, ಇರುವುದನ್ನು ಬಳಸುವ ಮನಸ್ಸು ಬೇಕು.

ಇದರಲ್ಲಿ ಮೀನುಗಾರರ ಸಹಕಾರ ಸಂಘಗಳನ್ನು ಬದಿಗಿಟ್ಟು ಮುಂದುವರಿಯುವ ಯೋಜನೆಗೆ ನಮ್ಮ ಬೆಂಬಲ ಸಲ್ಲದು. ಬಲೆಯೇ ಬದುಕಾದವನ ನೀರನ್ನು ಬೇಲಿ ಹಾಕಿ ಪಟ್ಟಣದವನ ಮೋಜಿಗೆ ಕೊಟ್ಟರೆ ಮೊದಲ ಮಳೆಗಾಲದಲ್ಲೇ ಜಗಳ ಹುಟ್ಟುತ್ತದೆ, ಹುಟ್ಟಬೇಕಾದದ್ದೂ ನ್ಯಾಯವೇ. ದಿನದ ಗಾಳದ ಶುಲ್ಕ ಸಂಘದ ಖಾತೆಗೆ ಹೋಗಬೇಕು; ಹರಿಗೋಲು ನಡೆಸುವವನು, ಮಡು ತೋರಿಸುವವನು ಅದೇ ಸಂಘದ ಸದಸ್ಯನಾಗಿರಬೇಕು. ಹೊಳೆಯ ಒಂದು ತುಂಡು ಮಾತ್ರ ಗಾಳಕ್ಕೆ, ಉಳಿದದ್ದು ಎಂದಿನಂತೆ ಬಲೆಗೆ. ರಾಮನಾಥಪುರದ ದೇವರ ಮೀನುಗಳ ಮಡು, ಚುಂಚನಕಟ್ಟೆಯ ಕೋದಂಡರಾಮನ ಸನ್ನಿಧಿಯ ನೀರು ಇವುಗಳ ತಂಟೆಗೆ ಯಾರೂ ಹೋಗಕೂಡದು.

ಇನ್ನು ಸದ್ಯಕ್ಕೆ ಅತಿಥಿಯನ್ನು ಕರೆದೊಯ್ಯಬೇಕಾದವರಿಗೆ ಕೆಲವು ಮಾತು. ಕಾಡಿನ ವಾಸ ಮತ್ತು ಹೊಳೆಯ ಗಾಳ ಎರಡನ್ನೂ ಒಂದೇ ಕಡೆ ಹುಡುಕದೆ ಎರಡು ಭಾಗ ಮಾಡಿಕೊಳ್ಳುವುದು ಒಳಿತು: ಎರಡು ರಾತ್ರಿ ಕಬಿನಿ ಕಡೆ ಆನೆ ನೋಡಲು, ಒಂದು ಹಗಲು ಪರವಾನಗಿ ದೊರೆಯುವ ಕಾವೇರಿ ದಡದಲ್ಲಿ. ಪರವಾನಗಿಯನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಅತಿಥಿ ಬರುವ ಮುನ್ನವೇ, ಬಾಯಿಮಾತಿನಲ್ಲಲ್ಲದೆ ಲಿಖಿತವಾಗಿ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹಾರಂಗಿಯಿಂದ ನೀರು ಬಿಟ್ಟಾಗ ಕಾವೇರಿ ಏಕಾಏಕಿ ಏರುತ್ತದೆ. ಮೀನು ಮೊಟ್ಟೆ ಇಡುವ ಕಾಲವೂ ಅದೇ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ನೀರು ತಿಳಿಯಾಗಿರುವ ತಿಂಗಳುಗಳೇ ಗಾಳಕ್ಕೆ ಯೋಗ್ಯ. ನಮ್ಮ ಹರಾಜು ನಡೆಯುವುದೂ ಬಹುಪಾಲು ಆಗಲೇ ಎಂಬುದು ಅನುಕೂಲ. ಮೊಸಳೆಗಳಿರುವ ಹೊಳೆ, ಜೀವರಕ್ಷಕ ಅಂಗಿಯಿಲ್ಲದೆ ಹರಿಗೋಲು ಹತ್ತಿಸಬಾರದು, ಅತಿಥಿ ಎಷ್ಟೇ ನಕ್ಕರೂ ಸರಿಯೇ. ನಾಗರಹೊಳೆಯ ಮೂಲಕ ಬಾವಲಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟ ಮುಗಿಸಿ ಹೊರಟರಾಯಿತು ಎಂಬ ಲೆಕ್ಕ ಅಲ್ಲಿ ನಡೆಯದು. ವಿದೇಶಿ ಅತಿಥಿಯನ್ನು ಬೈಲಕುಪ್ಪೆಯ ಟಿಬೆಟನ್ ವಸತಿಯೊಳಗೆ ರಾತ್ರಿ ಉಳಿಸುವುದಕ್ಕೆ ವಿಶೇಷ ಅನುಮತಿ ಬೇಕು, ಹಗಲು ದೇವಾಲಯ ನೋಡಿ ಬರುವುದಕ್ಕೆ ಅಡ್ಡಿಯಿಲ್ಲ. ಖರ್ಚಿನ ಲೆಕ್ಕ ಇಡುವವರು ಗಮನಿಸಬೇಕಾದದ್ದು: 2025ರ ಸೆಪ್ಟೆಂಬರ್ 22ರ ಬದಲಾವಣೆಯಂತೆ ದಿನಕ್ಕೆ ₹7,500ವರೆಗಿನ ಕೊಠಡಿಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಕಬಿನಿಯ ದುಬಾರಿ ರೆಸಾರ್ಟುಗಳಿಗೂ ಹೊಳೆದಂಡೆಯ ಸಾದಾ ವಸತಿಗೂ ಇರುವ ಅಂತರವನ್ನು ಈ ತೆರಿಗೆ ಇನ್ನಷ್ಟು ಹಿಗ್ಗಿಸುತ್ತದೆ.

ಆ ಸಾದಾ ವಸತಿಯೇ ನಮ್ಮವರಿಗೆ ಅವಕಾಶ. ಹುಣಸೂರಿನ ಮರಗೆಲಸದವರು, ಕೃಷ್ಣರಾಜನಗರದ ಅಕ್ಕಿ ಗಿರಣಿಯವರು, ಪಿರಿಯಾಪಟ್ಟಣದ ದಿನಸಿ ವ್ಯಾಪಾರಿಗಳು ಹತ್ತು ಕೊಠಡಿಯ ಹೊಳೆಮನೆಗೆ ಬೇಕಾದುದೆಲ್ಲವನ್ನೂ ಒದಗಿಸಬಲ್ಲರು. ಈ ಮಾತನ್ನು ಈಗಲೇ ಹೇಳಲು ಕಾರಣವಿದೆ. 2025ರ ನವೆಂಬರ್‌ನಲ್ಲಿ ಸರಗೂರು, ಹೆಗ್ಗಡದೇವನಕೋಟೆ ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಅರಣ್ಯ ಸಚಿವರು ಆದೇಶಿಸಿದರು. ಜನರ ಪ್ರಾಣದ ಮುಂದೆ ಜೀಪಿನ ಬಾಡಿಗೆ ದೊಡ್ಡದಲ್ಲ, ಆ ಆದೇಶವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಒಂದೇ ಪ್ರಾಣಿಯ ದರ್ಶನವನ್ನು ನಂಬಿದ ವ್ಯಾಪಾರ ಒಂದೇ ಆದೇಶದಿಂದ ನಿಲ್ಲಬಹುದೆಂಬುದು ಅಂದು ಸ್ಪಷ್ಟವಾಯಿತು. ತಂಬಾಕಿನ ಸ್ಥಿತಿಯೂ ಇದಕ್ಕಿಂತ ಭದ್ರವಲ್ಲ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2004ರಲ್ಲೇ ಒಪ್ಪಿಗೆ ನೀಡಿದೆ. ಮಂಡಳಿ ನಿಗದಿಪಡಿಸುವ ಪ್ರಮಾಣ ಮತ್ತು ಕೊಳ್ಳುವವರ ಮರ್ಜಿಯ ನಡುವೆ ನಮ್ಮ ಬೆಳೆಗಾರ ಪ್ರತಿ ವರ್ಷ ತೂಗಾಡುತ್ತಿದ್ದಾನೆ. ಗಾಳ ಹಾಕುವ ನಾಲ್ಕು ಜನ ಅತಿಥಿಗಳು ತಂಬಾಕಿಗೆ ಬದಲಿಯಾಗಲಾರರು ನಿಜ. ಆದರೆ ಪರ್ಯಾಯ ಬೇಕೆಂದು ಸಭೆಗಳಲ್ಲಿ ಮಾತನಾಡುವ ನಾವು ಊರ ಮುಂದಿನ ಹೊಳೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಸರಿಯಲ್ಲ.

ಸಂಘವು ಮೀನುಗಾರಿಕೆ ಹಾಗೂ ಪ್ರವಾಸೋದ್ಯಮ ಇಲಾಖೆಗಳಿಗೆ ಜಂಟಿ ಮನವಿಯೊಂದನ್ನು ಸಲ್ಲಿಸಬೇಕು. ಪಿರಿಯಾಪಟ್ಟಣ ಅಥವಾ ಕೃಷ್ಣರಾಜನಗರದ ಕಡೆ, ಅರಣ್ಯಕ್ಕೆ ಸೇರದ ಕಾವೇರಿಯ ಒಂದು ತುಂಡನ್ನು ಮೊದಲು ಪ್ರಾಯೋಗಿಕವಾಗಿ ಗುರುತಿಸಲಿ. ದಿನಕ್ಕೆ ಇಷ್ಟೇ ಗಾಳ ಎಂಬ ಮಿತಿ, ಮುಳ್ಳಿಲ್ಲದ ಕೊಕ್ಕೆ, ಮಹಸೀರ್ ಸಿಕ್ಕರೆ ನೀರಿನಿಂದ ಮೇಲೆತ್ತದೆ ಬಿಡುವ ನಿಯಮ, ಮಳೆಗಾಲದಲ್ಲಿ ಸಂಪೂರ್ಣ ಬಿಡುವು ಇವು ಮನವಿಯಲ್ಲಿಯೇ ಇರಬೇಕು. ಇಲಾಖೆ ಹೇಳಲೆಂದು ಕಾಯಬಾರದು. ಹೊಳೆದಂಡೆಯಲ್ಲಿ ಜಮೀನಿರುವ ಸದಸ್ಯರು ಸ್ಥಳದ ವಿವರ, ರಸ್ತೆಯ ಸ್ಥಿತಿ ಮತ್ತು ಆ ಭಾಗದ ಮೀನುಗಾರರ ಸಂಘದ ಹೆಸರನ್ನು ಬರೆದು ಕಳುಹಿಸಿದರೆ ಕರಡು ಸಿದ್ಧಪಡಿಸುವವರಿಗೆ ಅನುಕೂಲವಾಗುತ್ತದೆ. ಮುಂದಿನ ಹರಾಜು ಹಂಗಾಮಿಗೆ ಮುನ್ನ ಇಲಾಖೆಯ ಅಧಿಕಾರಿಗಳು ಒಮ್ಮೆ ಸ್ಥಳಕ್ಕೆ ಬಂದು ನೋಡುವಂತಾದರೂ ಸಾಕು.