ಗೌರಿಬಿದನೂರಿನ ಕಿವಿ, ಯಂತ್ರದ ತೀರ್ಪು

2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ನೆಲ ನಡುಗಿ, ಜನ ಮನೆ ಬಿಟ್ಟು ಹೊರಗೋಡಿ ಬಂದುದು ನಮ್ಮಲ್ಲಿ ಹಲವರಿಗೆ ನೆನಪಿದೆ. ಕಂಪನದ ಅಳತೆ ಮೂರರ ಆಸುಪಾಸು; ಹೆದರಿಕೆ ಮಾತ್ರ ಅದಕ್ಕಿಂತ ದೊಡ್ಡದು. ಭೂಮಿಯ ಇಂಥ ನಡುಕಕ್ಕೆ ಕಿವಿಗೊಟ್ಟ ನಿಲಯವೊಂದು ನಮ್ಮ ಗೌರಿಬಿದನೂರಿನಲ್ಲಿಯೇ 1960ರ ದಶಕದಿಂದ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಈ ಭೂಕಂಪಮಾಪಕಗಳ ಜಾಲವನ್ನು ಹೂಡಿದ್ದು ಭೂಕಂಪಕ್ಕಾಗಿ ಮಾತ್ರವಲ್ಲ, ದೂರದ ದೇಶಗಳು ನೆಲದಡಿಯಲ್ಲಿ ನಡೆಸುವ ಅಣುಸ್ಫೋಟವನ್ನು ಪತ್ತೆಹಚ್ಚಲಿಕ್ಕೆ. ಬಂದ ಅಲೆ ಪ್ರಕೃತಿಯದೋ ಬಾಂಬಿನದೋ ಎಂದು ಬೇರ್ಪಡಿಸಲು ಈಗ ಜಗತ್ತಿನ ವಿಜ್ಞಾನಿಗಳು ಕೃತಕ ಬುದ್ಧಿಮತ್ತೆಯ ನೆರವನ್ನೂ ಪಡೆಯುತ್ತಿದ್ದಾರೆ. ಪಡೆಯಲಿ. ಯಂತ್ರ ತಪ್ಪಿದರೆ ತಿದ್ದಲು ಅಲ್ಲಿ ಮನುಷ್ಯನಿದ್ದಾನೆ, ವೇಳೆಯೂ ಇದೆ.

ಆದರೆ ಕೆಲವರ ವಾದ ಅಲ್ಲಿಗೇ ನಿಲ್ಲುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ನದಿಯೊಳಗಿನ ಲಾರಿಯನ್ನು ಹುಡುಕಲು ಡ್ರೋನ್ ಬಂದಿತಲ್ಲವೇ, ಅಂಥದೇ ಡ್ರೋನ್ ಶತ್ರುವನ್ನು ತಾನೇ ಗುರುತಿಸಿ ಹೊಡೆದರೆ ತಪ್ಪೇನು ಎನ್ನುತ್ತಾರೆ. ಯಂತ್ರಕ್ಕೆ ಕೋಪವಿಲ್ಲ, ದ್ವೇಷವಿಲ್ಲವಂತೆ. ನಿಜ. ಕರುಣೆಯೂ ಇಲ್ಲವಲ್ಲ! ಸಂಶಯವೂ ಇಲ್ಲ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಎಚ್ಚರಿಕೆ ವ್ಯವಸ್ಥೆಯು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸಾರಿತು. ಕಾವಲಿನಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. ಯುದ್ಧ ಹೂಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ ಎಂಬುದು ಆತನ ಸಂಶಯ. ವ್ಯವಸ್ಥೆಯ ಕಣ್ಣಿಗೆ ಬಿದ್ದಿದ್ದು ಮೋಡಗಳ ಮೇಲಿನ ಬಿಸಿಲು! ಆ ಕುರ್ಚಿಯಲ್ಲಿ ಸಂಶಯಪಡಲಾರದ ಯಂತ್ರವೊಂದನ್ನು ಕೂರಿಸಿ ನೋಡಿರಿ.

ಇಂಥ ಆಯುಧಗಳ ಅಪಾಯವನ್ನು ಪರಿಶೀಲಿಸಬೇಕೆಂದು 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯಿಸಿದಾಗ ಪರವಾಗಿ 152 ದೇಶಗಳಿದ್ದವು. ವಿರುದ್ಧ ನಿಂತದ್ದು ನಾಲ್ಕೇ. ಅವುಗಳಲ್ಲಿ ಭಾರತವೂ ಒಂದು. ಈ ಚರ್ಚೆಗೆ ಜಿನೀವಾದಲ್ಲಿ ಬೇರೆ ವೇದಿಕೆಯಿದೆ ಎಂಬುದು ಸರ್ಕಾರದ ಸಮಜಾಯಿಷಿ. ಅಲ್ಲಿ 2014ರಿಂದ ಹತ್ತು ವರ್ಷ ಮಾತನಾಡಿದರೂ ಕಟ್ಟುಪಾಡೊಂದೂ ಹುಟ್ಟಲಿಲ್ಲ. 2024ರ ಜೂನ್ 14ರಂದು ಇಟಲಿಯ ಜಿ-7 ಸಭೆಯಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು, ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರ ಯಾವ ಯಂತ್ರದ್ದೂ ಆಗಕೂಡದೆಂದು ಸ್ಪಷ್ಟವಾಗಿ ನುಡಿದರು. ನಮ್ಮ ಪ್ರಧಾನಿಯವರೂ ಆ ಸಭೆಗೆ ಹೋಗಿದ್ದರು.

ಇದು ದೂರದ ಮಾತೆನ್ನಬೇಡಿ. ರಕ್ಷಣಾ ಸಂಶೋಧನಾ ಸಂಸ್ಥೆಯ ಕೃತಕ ಬುದ್ಧಿಮತ್ತೆ ಕೇಂದ್ರ 1986ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಚಿಂತಾಮಣಿ, ಶಿಡ್ಲಘಟ್ಟಗಳಿಂದ ಆ ನಗರಕ್ಕೆ ನಿತ್ಯ ಹೋಗಿಬರುವ, ಇಲ್ಲವೇ ಅಲ್ಲಿಯೇ ಬಿಡಾರ ಹೂಡಿರುವ ನಮ್ಮ ಧರ್ಮಕೇಂದ್ರಗಳ ಮಕ್ಕಳಲ್ಲಿ ಗಣಕಯಂತ್ರಕ್ಕೆ ಬುದ್ಧಿ ಕಲಿಸುವವರೂ ಇದ್ದಾರೆ. ಸಂಬಳವೆಷ್ಟೆಂದು ಕೇಳುತ್ತೇವೆ. ನೀನು ಬರೆದುಕೊಟ್ಟದ್ದು ಯಾರ ಕೈ ಸೇರುತ್ತದೆ, ಅದು ತಪ್ಪಿದ ದಿನ ಉತ್ತರ ಹೇಳುವವರು ಯಾರು ಎಂದು ಕೇಳುವುದಿಲ್ಲ. ನಾನೂ ಕೇಳಿದವನಲ್ಲ, ಈ ಬಾರಿ ಕ್ರಿಸ್ಮಸ್‌ಗೆ ಮಗ ಊರಿಗೆ ಬಂದಾಗ ಕೇಳಬೇಕೆಂದಿದ್ದೇನೆ.