ಚಿಕ್ಕ ಕೆಲಸಕ್ಕೆ ಚಿಕ್ಕ ಕೂಲಿ

ಕತ್ತರಿ ಮೊಂಡಾದರೆ ಸಾಣೆಯವನನ್ನು ಕರೆಯುತ್ತೇವೆ. ಬೀಗದ ಕೈ ಕಳೆದರೆ ಚಾವಿಯವನನ್ನು ಹುಡುಕುತ್ತೇವೆ. ಹೊಸ ಸೀರೆಗೆ ಫಾಲ್ ಹಚ್ಚಿಸಬೇಕಾದರೆ ಓಣಿಯ ಮೂಲೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಕೂತ ದರ್ಜಿಯ ಬಳಿ ಹೋಗುತ್ತೇವೆ. ಕೆಲಸ ಚಿಕ್ಕದು, ಅದಕ್ಕೆ ಕೊಡುವ ಹಣವೂ ಚಿಕ್ಕದು. ಆದರೆ ಇವರಿಲ್ಲದೆ ಸಂಸಾರದ ಗಾಡಿ ಸುಗಮವಾಗಿ ಓಡದು. ಇವರ ಕೂಲಿಯನ್ನು ಕೊಡದೆ ತಲೆತಪ್ಪಿಸಿಕೊಳ್ಳುವ ಮರ್ಯಾದಸ್ಥ ಗೃಹಸ್ಥನನ್ನು ನಾವಂತೂ ಕಂಡಿಲ್ಲ.

ಮನೆಯ ಕಂಪ್ಯೂಟರಿನೊಳಗೂ ಇಂಥದೇ ಒಂದು ಓಣಿ ಉಂಟು. ಹತ್ತು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವುದು, ನಾಲ್ಕು ಪಿಡಿಎಫ್‌ಗಳನ್ನು ಸೇರಿಸಿ ಹೊಲಿಯುವುದು, ಅರ್ಜಿಗೆ ಲಗತ್ತಿಸುವ ಭಾವಚಿತ್ರವನ್ನು ಅವರು ಹೇಳಿದಷ್ಟೇ ಕಿಲೋಬೈಟಿಗೆ ಇಳಿಸುವುದು, ಮದುವೆಯ ಎಂಟುನೂರು ಚಿತ್ರಗಳಿಗೆ ಕ್ರಮವಾಗಿ ಹೆಸರಿಡುವುದು, ಎರಡೆರಡು ಸಲ ಬಂದು ಕೂತ ಚಿತ್ರಗಳನ್ನು ಹೆಕ್ಕಿ ತೆಗೆಯುವುದು, ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವುದು: ಇವೆಲ್ಲ ಆ ಓಣಿಯ ಕಸುಬುಗಳು. ಒಂದೊಂದು ಕಸುಬಿಗೂ ಒಂದೊಂದು ಪುಟ್ಟ ತಂತ್ರಾಂಶ. ಕೆಲವು ಧರ್ಮಾರ್ಥ ದೊರೆಯುತ್ತವೆ. ಕೆಲವಕ್ಕೆ ಹಣ ತೆರಬೇಕು. ಹಣದ ಮಾತು ಬಂದಾಗ ಮಾತ್ರ ನಮ್ಮವರ ವರಸೆಯೇ ಬೇರೆ. ಸಾಣೆಯವನೊಡನೆ ಐದು ರೂಪಾಯಿಗೆ ಚೌಕಾಶಿ ಮಾಡಿದರೂ ಕೊನೆಗೆ ಕೊಟ್ಟೇ ಕಳಿಸುವ ರಾಯರು, ಇಲ್ಲಿ ಮಾತ್ರ “ಇದಕ್ಕೂ ದುಡ್ಡೇ? ಎಲ್ಲಾದರೂ ಪುಕ್ಕಟೆ ಸಿಗುತ್ತದೆ, ನೋಡಪ್ಪಾ” ಎಂದು ಮಗನಿಗೆ ಅಪ್ಪಣೆ ಮಾಡುತ್ತಾರೆ. ಮಗ ನೋಡುತ್ತಾನೆ; ಸಿಗುತ್ತದೆ ಕೂಡ. ಹಾಗೆ ಸಿಕ್ಕಿದ್ದು ಏನು ಎಂಬುದೇ ಈ ಸಲದ ನಮ್ಮ ಮಾತು.

ಪುಟ್ಟ ತಂತ್ರಾಂಶಕ್ಕೆ ಪುಟ್ಟ ಬೆಲೆ ಕೇಳುವ ಪದ್ಧತಿ ಹುಟ್ಟಿದ ಕಥೆ ಸಂಘಸಂಸ್ಥೆಗಳವರಿಗೆ ರುಚಿಸುವಂಥದು. ಅಮೆರಿಕದ ಜಿಮ್ ನಾಫ್ ಎಂಬವರು ಐ.ಬಿ.ಎಂ. ಕಂಪನಿಯ ನೌಕರರು. ತಮ್ಮೂರಿನ ಚರ್ಚಿನ ಸದಸ್ಯರಿಗೆ ಅಂಚೆಯಲ್ಲಿ ಕಳಿಸುವ ಲಕೋಟೆಗಳ ಮೇಲೆ ಅಂಟಿಸುವ ವಿಳಾಸದ ಚೀಟಿಗಳನ್ನು ಅಚ್ಚು ಮಾಡಲೆಂದು ಅವರು ಒಂದು ಪ್ರೋಗ್ರಾಮು ಬರೆದರು. ಪ್ರತಿ ಮೂರು ತಿಂಗಳಿಗೊಮ್ಮೆ ಈ ಪತ್ರಿಕೆಯ ಲಕೋಟೆಗಳಿಗೆ ವಿಳಾಸ ಅಂಟಿಸುವ ನಮ್ಮ ಸ್ವಯಂಸೇವಕರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಸ್ನೇಹಿತರು ಕೇಳಿದರು, ಕೊಟ್ಟರು. ಸ್ನೇಹಿತರ ಸ್ನೇಹಿತರು ಕೇಳಿದರು, ಅವರಿಗೂ ಕೊಟ್ಟರು. ತಿದ್ದಿದ ಪ್ರತಿಗಳನ್ನು ಎಲ್ಲರಿಗೂ ತಲುಪಿಸುವ ಖರ್ಚು ಮೈಮೇಲೆ ಬಂದಾಗ, ೧೯೮೨ರಲ್ಲಿ, ಅದರೊಳಗೇ ಒಂದು ಒಕ್ಕಣೆ ಸೇರಿಸಿದರು. ನಿಮಗೆ ಇದು ಉಪಯೋಗವಾದರೆ ಹತ್ತು ಡಾಲರು ಕಳಿಸಿ, ಇತರರಿಗೂ ಪ್ರತಿ ಮಾಡಿ ಕೊಡಿ ಎಂಬುದು ಅದರ ಸಾರ. ಅದೇ ವರ್ಷ ಕ್ಯಾಲಿಫೋರ್ನಿಯದ ಆಂಡ್ರೂ ಫ್ಲೂಗಲ್‌ಮನ್ ಎಂಬವರು, ಕಂಪ್ಯೂಟರುಗಳು ಟೆಲಿಫೋನ್ ತಂತಿಯ ಮೂಲಕ ಮಾತಾಡುವ ತಮ್ಮ ಪ್ರೋಗ್ರಾಮಿಗೆ ಇದೇ ರೀತಿಯಲ್ಲಿ ಇಪ್ಪತ್ತೈದು ಡಾಲರು ಕೇಳಿದರು. ಮುಂದಿನ ವರ್ಷ ಬಾಬ್ ವಾಲೆಸ್ ಎಂಬವರಿಂದ ಈ ಪದ್ಧತಿಗೆ ‘ಶೇರ್‌ವೇರ್’ ಎಂಬ ಹೆಸರು ನಿಂತಿತು. ಮೊದಲು ಬಳಸು, ಹಿಡಿಸಿದರೆ ಕೊಡು, ಹಿಡಿಸದಿದ್ದರೆ ಬಿಡು. ವ್ಯಾಪಾರಕ್ಕೆ ಬೀಗವಿಲ್ಲ, ನಂಬಿಕೆಯೇ ಬಂಡವಾಳ. ಆ ನಂಬಿಕೆ ಸುಳ್ಳಾಗಲಿಲ್ಲ. ೧೯೮೪ರಲ್ಲಿ ನಾಫ್ ಅವರು ನೌಕರಿ ಬಿಟ್ಟು ಇದನ್ನೇ ಕಸುಬಾಗಿ ಮಾಡಿಕೊಂಡರು.

ಆ ಮನೆತನದ ಕುಡಿಗಳು ಇಂದಿಗೂ ಇವೆ. ಫೈಲುಗಳನ್ನು ಅಡಕಮಾಡಿ ಕಟ್ಟುವ ‘ರಾರ್’ ಎಂಬ ಪದ್ಧತಿಯನ್ನು ೧೯೯೩ರಲ್ಲಿ ಕಲ್ಪಿಸಿದವರು ರಷ್ಯದ ಯೂಜೀನ್ ರೋಶಾಲ್. ಹೆಸರಿನ ಮೊದಲಕ್ಷರವೇ ಅವರ ಮನೆತನದ್ದು. ಅದರ ತಂತ್ರಾಂಶವಾದ ವಿನ್‌ರಾರನ್ನು ನಲವತ್ತು ದಿನ ಪರೀಕ್ಷಿಸಿ ನೋಡಲು ಕೊಡುತ್ತಾರೆ. ನಲವತ್ತೊಂದನೆಯ ದಿನ ಅದು ನಿಲ್ಲುವುದಿಲ್ಲ. ‘ದಯವಿಟ್ಟು ಕೊಂಡುಕೊಳ್ಳಿ’ ಎಂದು ನೆನಪು ಮಾಡಿ ಮತ್ತೆ ಕೆಲಸಕ್ಕೆ ಹತ್ತುತ್ತದೆ. ಬಾಡಿಗೆ ಕೇಳಲು ಬಂದು, ಹೊಸ್ತಿಲಲ್ಲೇ ನಿಂತು “ಮರೆತಿರೇನೋ?” ಎಂದು ಕೇಳಿ ಹಿಂದಿರುಗುವ ಮನೆಯೊಡೆಯ ಇದ್ದ ಹಾಗೆ! ಫೈಲುಗಳನ್ನು ಎರಡು ಪಡಸಾಲೆಗಳಲ್ಲಿ ಎದುರುಬದುರು ಹರಡಿಕೊಂಡು ಸಾಗಿಸಲು ನೆರವಾಗುವ ಟೋಟಲ್ ಕಮಾಂಡರ್ ಎಂಬುದು ಸ್ವಿಟ್ಜರ್‌ಲ್ಯಾಂಡಿನ ಕ್ರಿಶ್ಚಿಯನ್ ಗಿಸ್ಲರ್ ಅವರ ಕೃತಿ. ಅದೂ ೧೯೯೩ರದೇ. ಒಮ್ಮೆ ಹಣ ಕೊಟ್ಟವರು ಮುಂದಿನ ಆವೃತ್ತಿಗಳಿಗೆ ಮತ್ತೆ ಕೊಡಬೇಕಾಗಿಲ್ಲ ಎಂಬುದು ಅದರ ಕಟ್ಟಳೆ.

ಹಾಗೆಂದು ಎಲ್ಲದಕ್ಕೂ ಹಣ ಸುರಿಯಿರಿ ಎಂದು ನಾವು ಹೇಳುತ್ತಿಲ್ಲ. ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡುವುದು ಜಾಣ ಗೃಹಿಣಿಯ ಲಕ್ಷಣ. ಜಿಪ್ ಗಂಟು ಕಟ್ಟುವ, ಬಿಚ್ಚುವ ಅನುಕೂಲ ೨೦೦೧ರ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೇ ಯಂತ್ರದೊಳಗಿದೆ. ೨೦೧೫ರಲ್ಲಿ ಬಂದ ವಿಂಡೋಸ್ ೧೦ರಿಂದೀಚೆಗೆ ಯಾವ ಬರಹವನ್ನಾದರೂ ಅಚ್ಚು ಹಾಕುವ ಆಜ್ಞೆಯಿಂದಲೇ ಪಿಡಿಎಫ್ ಮಾಡಿಕೊಳ್ಳಬಹುದು. ರಾರ್ ಗಂಟನ್ನು ಬಿಚ್ಚುವ ಶಕ್ತಿ ೨೦೨೩ರಲ್ಲಿ ವಿಂಡೋಸ್ ೧೧ಕ್ಕೆ ಬಂದಿದೆ. ಆಪಲ್ ಯಂತ್ರವುಳ್ಳವರು ‘ಪ್ರಿವ್ಯೂ’ದಲ್ಲೇ ಪಿಡಿಎಫ್‌ಗಳನ್ನು ಒಂದುಗೂಡಿಸಬಹುದು. ನೂರು ಚಿತ್ರಗಳನ್ನು ಒಟ್ಟಿಗೆ ಆರಿಸಿ ಎಫ್೨ ಕೀಲಿಯನ್ನು ಒತ್ತಿ ಒಂದು ಹೆಸರು ಕೊಟ್ಟರೆ ವಿಂಡೋಸ್ ತಾನೇ ಸಂಖ್ಯೆ ಹಾಕಿಕೊಳ್ಳುತ್ತದೆ. ಮನೆಯಲ್ಲೇ ಇರುವುದಕ್ಕೆ ಹೊರಗೆ ಹಣ ಕೊಡುವುದು ಔದಾರ್ಯವಲ್ಲ, ಅಲಕ್ಷ್ಯ.

ಮನೆಯಲ್ಲಿ ಇಲ್ಲದ್ದನ್ನು ಹೊರಗಿನಿಂದ ತರಬೇಕಾದಾಗ ಪುಕ್ಕಟೆ ಎಂಬ ಮಾತಿಗೆ ಮೂರು ಅರ್ಥಗಳಿವೆ ಎಂಬುದನ್ನು ವಾಚಕರು ಗಮನಿಸಬೇಕು.

ಮೊದಲನೆಯದು ದಾನ. ಇಗೋರ್ ಪಾವ್ಲೋವ್ ಎಂಬವರು ೧೯೯೯ರಿಂದ ೭-ಜಿಪ್ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಯೂನಿಕೋಡ್ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ನಮ್ಮ ಸಂಘಗಳ ಹಳೆಯ ಬರಹಗಳು ಇಂದಿನ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆಯಷ್ಟೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳನ್ನು ಕನ್ನಡಿಗರೇ ಸಿದ್ಧಪಡಿಸಿ ಉಚಿತವಾಗಿ ಹಂಚಿದ್ದಾರೆ. ಕೊಡುವವನು ಮನಸಾರೆ ಕೊಟ್ಟಿದ್ದನ್ನು ಸಂತೋಷದಿಂದ ಪಡೆಯಬಹುದು.

ಎರಡನೆಯದು ಕಳವಿನ ಮಾಲು. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬೀಗ ಮುರಿದು ಹಂಚುವವರು ಇದ್ದಾರೆ. ಪರರ ಬೀಗ ಮುರಿಯುವವನು ಅಷ್ಟಕ್ಕೇ ನಿಲ್ಲುವನೆಂದು ನಂಬುವುದು ಹೇಗೆ? ನಮ್ಮ ಪರಿಚಯದ ಒಂದು ಮನೆಯಲ್ಲಿ ಹಿರಿಯರೊಬ್ಬರು ಊರಿನ ಹಳೆಯ ಮನೆಯ ಚಿತ್ರಗಳನ್ನೂ, ತೀರಿಹೋದ ತಾಯಿ ಹಾಡಿದ ಹಸೆಯ ಹಾಡು, ಆರತಿಯ ಹಾಡುಗಳ ಧ್ವನಿಮುದ್ರಣವನ್ನೂ ಅನೇಕ ವರ್ಷಗಳಿಂದ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದರು. ಅವನ್ನು ವಿಂಗಡಿಸಲೆಂದು ಇಂಥ ಬೀಗ ಮುರಿದ ತಂತ್ರಾಂಶವೊಂದು ಆ ಮನೆಗೆ ಬಂತು. ಮರುದಿನ ಪ್ರತಿಯೊಂದು ಫೈಲಿನ ಹೆಸರಿಗೂ ಏನೋ ವಿಚಿತ್ರ ಬಾಲ ಅಂಟಿಕೊಂಡಿತ್ತು, ಒಂದೂ ತೆರೆಯಲೊಲ್ಲದು. ಬಿಡಿಸಿಕೊಳ್ಳಬೇಕಾದರೆ ಡಾಲರುಗಳಲ್ಲಿ ಒತ್ತೆಹಣ ಕೊಡಿ ಎಂದು ಬೆದರಿಸುವ ಒಂದು ಪತ್ರ ಮಾತ್ರ ತೆರೆಯಿತು. ಚಿತ್ರಗಳಲ್ಲಿ ಕೆಲವು ನೆಂಟರಿಷ್ಟರ ಫೋನುಗಳಲ್ಲಿ ಸಿಕ್ಕವು. ಹಾಡುಗಳು ಸಿಗಲಿಲ್ಲ. “ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ ಅತ್ತೆಯವರ ದನಿ ಕಳಕೊಂಡೆವು” ಎಂದರು ಆ ಮನೆಯಾಕೆ. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಾಯಿದೆಯ ಮಾತೂ ಒಂದಿದೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಲಾಗಿದೆ. ಅಂದರೆ ಕಾದಂಬರಿ ಬರೆದವನಿಗೆ ಇರುವ ಹಕ್ಕೇ ಇದನ್ನು ಬರೆದವನಿಗೂ ಉಂಟು. ಕಳವಿನ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅದೇ ಕಾಯಿದೆಯ ೬೩ಬಿ ಕಲಮಿನಂತೆ ಅಪರಾಧ.

ಮೂರನೆಯ ಪುಕ್ಕಟೆ ಎಲ್ಲಕ್ಕಿಂತ ಮೋಹಕವಾದದ್ದು. ನಿಮ್ಮ ಫೈಲನ್ನು ಅಂತರಜಾಲದಲ್ಲಿ ನಮಗೆ ಕಳಿಸಿ, ನಾವೇ ಸೇರಿಸಿ, ಇಳಿಸಿ, ತಿರುಗಿಸಿ ಕ್ಷಣದಲ್ಲಿ ಮರಳಿಸುತ್ತೇವೆ ಎಂದು ಕರೆಯುವ ತಾಣಗಳಿವೆ. ಇವುಗಳಲ್ಲಿ ಪ್ರಾಮಾಣಿಕರಿಲ್ಲವೆಂದಲ್ಲ. ಆದರೆ ಪ್ಯಾನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಆಸ್ಪತ್ರೆಯ ವರದಿ, ಮನೆಯ ಕರಾರುಪತ್ರ ಇವನ್ನು ಗುರುತಿಲ್ಲದವನ ಕೈಗೆ ಕೊಟ್ಟು ‘ಹೊಲಿದು ಕೊಡಪ್ಪಾ’ ಎನ್ನುವವರು ಯಾರಿದ್ದಾರೆ? ೨೦೨೫ರ ಮಾರ್ಚಿನಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆಯ ಡೆನ್ವರ್ ಕಚೇರಿ ಇದೇ ವಿಷಯದಲ್ಲಿ ಎಚ್ಚರಿಕೆ ಹೊರಡಿಸಿತು: ಫೈಲು ಪರಿವರ್ತಿಸಿ ಕೊಡುವ ಕೆಲವು ಪುಕ್ಕಟೆ ತಾಣಗಳು ಮರಳಿಸುವ ಫೈಲಿನೊಡನೆ ದುಷ್ಟ ತಂತ್ರಾಂಶವನ್ನೂ ಸೇರಿಸಿ ಕಳಿಸುತ್ತವೆ, ಒಪ್ಪಿಸಿದ ಕಾಗದಗಳಿಂದ ಖಾಸಗಿ ವಿವರಗಳನ್ನೂ ಕದಿಯುತ್ತವೆ ಎಂದು. ಇಂಥ ಕಾಗದಗಳ ಕೆಲಸ ನಿಮ್ಮ ಯಂತ್ರದೊಳಗೇ ನಡೆಯಬೇಕು.

ಈಗ, ಹಣ ಕೊಡಲು ನಿರ್ಧರಿಸಿದವರಿಗೆ ನಾಲ್ಕು ಕಿವಿಮಾತು. ಕೊಳ್ಳುವ ಮೊದಲು ಪರೀಕ್ಷೆಯ ಅವಧಿಯಲ್ಲಿ ನಿಮ್ಮದೇ ಫೈಲುಗಳ ನಕಲಿನ ಮೇಲೆ ಪ್ರಯೋಗ ಮಾಡಿ ನೋಡಿರಿ. ತಂತ್ರಾಂಶವನ್ನು ಅದನ್ನು ಮಾಡಿದವರ ಸ್ವಂತ ತಾಣದಿಂದಲೇ ಪಡೆಯಿರಿ. ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬೀಳುವ ಜಾಹೀರಾತಿನ ಬಾಗಿಲಿಂದಲ್ಲ. ಒಂದೇ ಸಲದ ಬೆಲೆಯೋ, ವರ್ಷವರ್ಷವೂ ಕಡಿತವಾಗುವ ಚಂದಾವೋ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿರಿ. ವರ್ಷಕ್ಕೆರಡು ಸಲ ಪಿಡಿಎಫ್ ಸೇರಿಸುವವರಿಗೆ ಚಂದಾ ನಷ್ಟದ ಬಾಬು. ತಾನಾಗಿ ಕಡಿತವಾಗುವ ಇಂಥ ಪಾವತಿಗಳಿಗೆ ಕನಿಷ್ಠ ೨೪ ಗಂಟೆ ಮೊದಲು ಬ್ಯಾಂಕು ಸೂಚನೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ೨೦೨೧ರ ಅಕ್ಟೋಬರ್ ೧ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಆ ಸೂಚನೆಯನ್ನು ಓದದೆ ಅಳಿಸಬೇಡಿರಿ. ಕೊನೆಯದಾಗಿ, ಕೊಂಡ ಮೇಲೆ ಹೊಸ ಆವೃತ್ತಿಯನ್ನು ಹಾಕಿಕೊಳ್ಳುತ್ತಿರಿ. ವಿನ್‌ರಾರಿನೊಳಗೆ ಹತ್ತೊಂಬತ್ತು ವರ್ಷ ಅಡಗಿದ್ದ ಬಿರುಕೊಂದು ೨೦೧೯ರಲ್ಲಿ ಬಯಲಾಯಿತು. ಮಾಡಿದವರು ಅದನ್ನು ಮುಚ್ಚಿದರು. ಆದರೆ ಹೊಸ ಪ್ರತಿಯನ್ನು ಬಳಸುವವರೇ ಹೋಗಿ ತರಬೇಕಾಗಿದ್ದುದರಿಂದ ತರದವರ ಮನೆಯಲ್ಲಿ ಬಿರುಕು ಹಾಗೆಯೇ ಉಳಿಯಿತು. ಮತ್ತು ಯಾವ ತಂತ್ರಾಂಶವಿರಲಿ, ಅಮೂಲ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ತಂತಿ ಕಳಚಿ, ಕಪಾಟಿನೊಳಗೆ ಇರಲಿ.

ಬಿರುಕು ಮುಚ್ಚಲು ಮನುಷ್ಯ ಬೇಕಷ್ಟೆ. ಅವನ ಸಂಸಾರವೂ ನಡೆಯಬೇಕು. ಚಿಕ್ಕ ಕಸುಬಿನವನು ಕೂಲಿ ಸಿಗದೆ ಬಾಗಿಲು ಹಾಕಿದರೆ ಓಣಿ ಬರಿದಾಗಿ ಉಳಿಯುವುದಿಲ್ಲ. ನಮ್ಮ ಕಾಗದಗಳ ಮೇಲೆಯೇ ಕಣ್ಣಿಟ್ಟು ಪುಕ್ಕಟೆ ಸೇವೆಗೆ ನಿಂತವನು ಅಲ್ಲಿ ಅಂಗಡಿ ತೆರೆಯುತ್ತಾನೆ. ಚಿಕ್ಕ ಕೂಲಿಯನ್ನು ಉಳಿಸಿದವರು ದೊಡ್ಡ ಬೆಲೆ ತೆರುವುದು ಹೀಗೆ.

ಈ ಪತ್ರಿಕೆಯೂ ಹಾಗೆಯೇ ಬದುಕಿದೆಯಲ್ಲವೆ? ನೆರೆಮನೆಯವರು ಎರವಲು ಪಡೆದು ಓದಿದರೆ ನಮಗೆ ಸಂತೋಷವೇ; ಆದರೆ ಕೆಲವರಾದರೂ ಚಂದಾ ಕೊಡುವುದರಿಂದ ಮುಂದಿನ ಸಂಚಿಕೆ ಹೊರಡುತ್ತದೆ. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಸದಸ್ಯರೆಲ್ಲರ ಹೆಸರು, ವಿಳಾಸ, ಫೋನುಗಳಿವೆ. ನಂಬಿ ಕೊಟ್ಟವರ ವಿವರಗಳು ಅವು. ಆದುದರಿಂದ ಬರುವ ವಾರ್ಷಿಕ ಸಭೆಯಲ್ಲಿ ಅಂಚೆ, ಮುದ್ರಣ, ಚಹಾಪಾನಗಳ ಖರ್ಚಿನ ಸಾಲಿನಲ್ಲಿ ‘ತಂತ್ರಾಂಶ’ ಎಂದೂ ಒಂದು ಬಾಬು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಸೂಚನೆ. ಮೊತ್ತ ದೊಡ್ಡದಾಗದು, ಬಹುಶಃ ಚಹಾದ ಬಾಬಿಗಿಂತ ಕಡಮೆಯೇ ಆದೀತು. ಅನುಮೋದಿಸುವವರು ಕೈ ಎತ್ತಬಹುದು.