ಮೂತ್ರಪಿಂಡಕ್ಕೆ ಒಂದೇ ಅಳತೆಗೋಲು ಸಾಕೆ?

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ರಕ್ತದ ಒತ್ತಡವು ವರ್ಷಗಟ್ಟಲೆ ಮಿತಿಮೀರಿದ್ದರೆ ಅಲ್ಲಿನ ನವಿರಾದ ರಕ್ತನಾಳಗಳ ಗೋಡೆಗಳು ದಪ್ಪವಾಗಿ ಗಡುಸಾಗುತ್ತವೆ. ಶೋಧಕಗಳು ಒಂದೊಂದಾಗಿ ನಾಶವಾಗುತ್ತವೆ. ನಾಶವಾದ ಶೋಧಕವು ಮತ್ತೆ ಹುಟ್ಟುವುದಿಲ್ಲ.

ಈ ಹಾನಿ ಗಂಡಿಗೂ ಹೆಣ್ಣಿಗೂ ಸಮಾನವೆ? ಅಲ್ಲವೆಂದು ಇಲಿಗಳು ತೋರಿಸಿಕೊಟ್ಟಿವೆ. ವಂಶಗುಣದಿಂದಲೇ ರಕ್ತದೊತ್ತಡ ಏರುವ ಇಲಿಗಳ ತಳಿಯೊಂದನ್ನು ಜಪಾನಿನ ಒಕಾಮೊಟೊ ಮತ್ತು ಅವೋಕಿ ಎಂಬ ವಿಜ್ಞಾನಿಗಳು 1963ರಲ್ಲಿ ಪ್ರಕಟಪಡಿಸಿದರು. ಈ ತಳಿಯಲ್ಲಿ ಗಂಡಿನ ಒತ್ತಡ ಹೆಣ್ಣಿನದಕ್ಕಿಂತ ಹೆಚ್ಚು. ಮೂತ್ರಪಿಂಡದ ಹಾನಿಯೂ ಹೆಚ್ಚು. ಎಳವೆಯಲ್ಲಿಯೇ ವೃಷಣಗಳನ್ನು ತೆಗೆದ ಗಂಡಿಲಿಗಳಲ್ಲಿ ಒತ್ತಡ ಅಷ್ಟಾಗಿ ಏರದು. ಟೆಸ್ಟಾಸ್ಟಿರೋನ್ ಎಂಬ ಹಾರ್ಮೋನಿನ ಪಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಮಾನವರಲ್ಲಿಯೂ, ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹೆಂಗಸರ ರಕ್ತದೊತ್ತಡ ಸರಾಸರಿಯಲ್ಲಿ ಗಂಡಸರದಕ್ಕಿಂತ ಕಡಿಮೆ; ಅನಂತರ ಈ ಅಂತರ ಅಳಿಸಿಹೋಗುತ್ತದೆ. ಮೂತ್ರಪಿಂಡದ ದೀರ್ಘಕಾಲಿಕ ರೋಗ ಹೆಂಗಸರಲ್ಲಿಯೇ ಹೆಚ್ಚಾಗಿ ಕಂಡುಬಂದರೂ ಡಯಾಲಿಸಿಸ್ ಪಡೆಯುವವರಲ್ಲಿ ಗಂಡಸರೇ ಅಧಿಕ. ಇದರಲ್ಲಿ ಹಾರ್ಮೋನುಗಳ ಪಾಲೆಷ್ಟು, ಹೆಂಗಸರಿಗೆ ಚಿಕಿತ್ಸೆ ದೊರೆಯದಿರುವುದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕಲ್ಲವೆ?

ಆದರೆ ವಿಜ್ಞಾನಿಗಳು ಬಹುಕಾಲ ಗಂಡು ಪ್ರಾಣಿಗಳನ್ನೇ ಹೆಚ್ಚಾಗಿ ಪ್ರಯೋಗಕ್ಕೆ ಬಳಸಿದರು. ಹೆಣ್ಣಿನ ಋತುಚಕ್ರ ಫಲಿತಾಂಶವನ್ನು ಕೆಡಿಸೀತೆಂಬುದು ಅವರ ಅಂಜಿಕೆ. ಮಾನವಕುಲದ ಅರ್ಧಭಾಗದ ದೇಹಧರ್ಮವನ್ನೇ ಲೆಕ್ಕದ ತೊಡಕೆಂದು ಬದಿಗಿರಿಸುವುದು ವಿಜ್ಞಾನಕ್ಕೆ ತಕ್ಕ ಮಾತಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಮ್ಮ ಧನಸಹಾಯ ಬಯಸುವ ಸಂಶೋಧಕರು ಲಿಂಗಭೇದವನ್ನು ಪರಿಗಣಿಸಲೇಬೇಕೆಂದು ವಿಧಿಸಿದ್ದು 2016ರಲ್ಲಿ. ತಡವಾದರೂ ಇದು ಯೋಗ್ಯವಾದ ಕ್ರಮ.

ಈ ಉಪೇಕ್ಷೆಯ ಫಲ ಪ್ರಯೋಗಶಾಲೆಯಲ್ಲಿಯೇ ಉಳಿಯುವುದಿಲ್ಲ. ಸ್ನಾಯುಗಳಿಂದ ಹುಟ್ಟುವ ಕ್ರಿಯಾಟಿನೀನ್ ಎಂಬ ತ್ಯಾಜ್ಯವು ರಕ್ತದಲ್ಲಿ ಎಷ್ಟಿದೆಯೆಂದು ಅಳೆದು ವೈದ್ಯರು ಮೂತ್ರಪಿಂಡದ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ನಾಯುವಿನ ಪ್ರಮಾಣ ಕಡಿಮೆ. ಆದುದರಿಂದ ಗಂಡಸಿನಲ್ಲಿ ಸಹಜವೆನಿಸುವ ಅಂಕಿಯೇ ಹೆಂಗಸಿನಲ್ಲಿ ಸೊರಗಿದ ಮೂತ್ರಪಿಂಡದ ಸೂಚನೆಯಾಗಬಹುದು. ವಯಸ್ಸನ್ನೂ ಲಿಂಗವನ್ನೂ ಗಣನೆಗೆ ತಂದುಕೊಳ್ಳುವ ಸೂತ್ರಗಳು ಇಂದು ಬಳಕೆಯಲ್ಲಿವೆ. ಬರಿಯ ಅಂಕಿಯನ್ನೇ ನಂಬಿದರೆ ತಾಯಿಯ ರೋಗ ಮನೆಯವರ ಅರಿವಿಗೆ ಬರುವಷ್ಟರಲ್ಲಿ ಕಾಲ ಮೀರಿರುತ್ತದೆ.

ನಾಳೆ ವೈದ್ಯರೂ ಸಂಶೋಧಕರೂ ಆಗಲಿರುವ ವಿದ್ಯಾರ್ಥಿಗಳು ಯಾವ ಪ್ರಯೋಗದ ವರದಿಯನ್ನು ಓದಿದರೂ ಒಂದು ಪ್ರಶ್ನೆಯನ್ನು ಮರೆಯದೆ ಕೇಳಲಿ: ಇಲ್ಲಿ ಪರೀಕ್ಷಿಸಿದ್ದು ಗಂಡನ್ನೋ, ಹೆಣ್ಣನ್ನೋ, ಇಬ್ಬರನ್ನೂ ಕೂಡಿಯೋ?